ಮಜ್ಜಿಗೆ ಕೊಡಲು ಯಾವ ನಮೂನೆ, ಸ್ವಾಮಿ?

ಮಾನ್ಯ ಕೇಂದ್ರ ಕಾರ್ಮಿಕ ಸಚಿವರಿಗೆ,

ತೇನಿ ಜಿಲ್ಲೆಯ ಗೂಡಲೂರಿನಿಂದ ಒಬ್ಬ ದ್ರಾಕ್ಷಿ ಬೆಳೆಗಾರನ ನಮಸ್ಕಾರ. ತಮಿಳುನಾಡಿನಿಂದ ಕನ್ನಡದಲ್ಲಿ ಪತ್ರವೇ ಎಂದು ಹುಬ್ಬೇರಿಸಬೇಡಿ. ಕಂಬಂ ಕಣಿವೆಯ ಒಕ್ಕಲಿಗರ ಮನೆಮಾತು ತಲೆಮಾರುಗಳಿಂದ ಇದೇ. ಯಾವ ಭಾಷೆಯಲ್ಲಿ ಬರೆದರೂ ಉತ್ತರ ಹಿಂದಿಯಲ್ಲೇ ಬರುತ್ತದಂತೆ, ಇನ್ನು ನನ್ನದನ್ನೇಕೆ ಬಿಡಲಿ?

ನಮ್ಮ ಗಡಿಬೆಟ್ಟದ ಮಂಗಲದೇವಿ ಕಣ್ಣಗಿ ಗುಡಿಗೆ ವರ್ಷಕ್ಕೊಮ್ಮೆ, ಚಿತ್ತಿರೈ ಹುಣ್ಣಿಮೆಯಂದು ಮಾತ್ರ ಭಕ್ತರನ್ನು ಬಿಡುತ್ತಾರೆ. ಪಳಿಯಂಕುಡಿಯಿಂದ ಹತ್ತುವವರಿಗೆ ಮಜ್ಜಿಗೆ ಕೊಡಲು ಹದಿಮೂರರ ನನ್ನ ಮಗಳು ಒಂದು ಟ್ರಸ್ಟಿನವರ ಜೊತೆ ಹೊರಟಳು. 'ಮೈನರ್ ಅಲ್ಲವೇ, ಪರ್ಮಿಟ್ ಇದೆಯೇ?' ಎಂದರು ಟ್ರಸ್ಟಿನ ಜಾಣರೊಬ್ಬರು. ಬೆಟ್ಟಕ್ಕೆ ಒಯ್ಯುವ ಪ್ಲಾಸ್ಟಿಕ್ ಬಾಟಲಿಗೂ ನಿಯಮವಿರುವಾಗ ಮಗುವಿಗೆ ಇರದೇ ಇದ್ದೀತೇ ಎಂದು 1986ರ ಬಾಲಕಾರ್ಮಿಕ ಕಾಯ್ದೆಯನ್ನು, 2016ರ ತಿದ್ದುಪಡಿಯ ಸಮೇತ ಓದಲು ಕೂತೆ.

ಹದಿನಾಲ್ಕು ತುಂಬದವರನ್ನು ದುಡಿಸಿಕೊಳ್ಳುವುದಿರಲಿ, ದುಡಿಯಲು ಬಿಡಲೂ ಕೂಡದು. ಸಂತೋಷ. ವಿನಾಯಿತಿ ಎರಡೇ. ಸಿನಿಮಾದಲ್ಲಿ ನಟಿಸಬಹುದು. ಅದಕ್ಕೆ ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ ಐದೇ ಗಂಟೆ, ಸಂಪಾದನೆಯಲ್ಲಿ ಶೇ. 20 ಮಗುವಿನ ಹೆಸರಲ್ಲಿ ಠೇವಣಿ. ಇಲ್ಲವೇ ಅಪ್ಪ ಅಮ್ಮನಿಗೆ ನೆರವಾಗಬಹುದು. ಅದು ಶಾಲೆ ಬಿಟ್ಟ ಮೇಲೆ, ಮೂರು ಗಂಟೆ ಮೀರದಂತೆ, ಸಂಜೆ ಏಳರ ನಂತರ ಇಲ್ಲ, ಆದಾಯ ತರುವ ಕೆಲಸವಂತೂ ಅಲ್ಲವೇ ಅಲ್ಲ. ಆದಾಯ ತಾರದ ಕೆಲಸ ದ್ರಾಕ್ಷಿ ತೋಟದಲ್ಲಿ ಯಾವುದಪ್ಪಾ ಎಂದು ತಲೆ ಕೆರೆದುಕೊಂಡೆ. ಬೆಲೆ ಬಿದ್ದ ವರ್ಷ ಎಲ್ಲವೂ ಅದೇ!

ಮಜ್ಜಿಗೆಯ ಸುದ್ದಿ ಮಾತ್ರ ಎಲ್ಲೂ ಇಲ್ಲ. ಕ್ಯಾಮೆರಾ ಮುಂದೆ ಲೋಟ ನೀಡಿದರೆ ನನ್ನ ಮಗಳು ಕಲಾವಿದೆ, ಕಾನೂನಿನ ಕಣ್ಮಣಿ. ಪುಣ್ಯಕ್ಕೆ ನೀಡಿದರೆ? ದುಡಿಸಿದ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ ರೂ. 20,000ದಿಂದ 50,000ದವರೆಗೆ ದಂಡ, ಎರಡೂ ಬೀಳಬಹುದು. ಈ ಮಜ್ಜಿಗೆಗೆ ಮಾಲೀಕರು ಯಾರು? ಟ್ರಸ್ಟೋ, ನಾನೋ, ಕಣ್ಣಗಿಯೋ? ಕಣ್ಣಗಿಯ ಮೇಲೆ ಕೇಸು ಹಾಕುವ ಮುನ್ನ, ಅವಳ ಸಿಟ್ಟಿಗೆ ಊರೇ ಉರಿದ ಮದುರೆಯವರನ್ನು ಒಂದು ಮಾತು ಕೇಳಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆ ರಜೆಯ ಸಂಬಳದ ಕೆಲಸಕ್ಕೂ ಶಾಲೆಯವರೇ ಪರ್ಮಿಟ್ ಬರೆದುಕೊಡುತ್ತಾರೆ. ನಮ್ಮ ಶಾಲೆಗಳು ಇನ್ನೂ ಉದಾರ. ಜೂನ್ 12, ಬಾಲಕಾರ್ಮಿಕ ವಿರೋಧಿ ದಿನ ಬಂತೆಂದರೆ ಯಾವ ಪರ್ಮಿಟ್ಟೂ ಇಲ್ಲದೆ ತರಗತಿಗಳನ್ನೇ ಬೀದಿಗಿಳಿಸುತ್ತವೆ. 'ಮಕ್ಕಳನ್ನು ದುಡಿಸಬೇಡಿ' ಎಂಬ ಬ್ಯಾನರನ್ನು ಮಕ್ಕಳೇ ಹೊರಬೇಕು, ಮಕ್ಕಳೇ ಕೂಗಬೇಕು, ಮುಖ್ಯ ಅತಿಥಿಯ ಕಾರು ಬರುವವರೆಗೆ ಮಕ್ಕಳೇ ಬಿಸಿಲು ಕಾಯಬೇಕು. ಪರ್ಮಿಟ್ ಕೇಳಿದ ಟ್ರಸ್ಟಿನ ಜಾಣರು ಅಂದು ವೇದಿಕೆಯ ನೆರಳಲ್ಲಿರುತ್ತಾರೆ. ಆ ಮೆರವಣಿಗೆಯಲ್ಲಿ ತೆಗೆಯುವ ಫೋಟೋಗೆ ಬಾಲನಟರ ನಿಯಮ ಹಚ್ಚಿದ್ದರೂ ಮೂರು ಗಂಟೆಗೊಮ್ಮೆ ವಿಶ್ರಾಂತಿ ಸಿಗುತ್ತಿತ್ತು. ದೇಣಿಗೆ ಡಬ್ಬಿ ಹಿಡಿದು ಅಂಗಡಿ ಅಂಗಡಿ ಸುತ್ತುವ ಹುಡುಗರಿಗೆ ಅದೂ ಇಲ್ಲ. ಸಂಬಳವಿಲ್ಲದ ಕೆಲಸದಲ್ಲಿ ಕಾಲು ನೋಯುವುದಿಲ್ಲ ಎಂದು ನಿಮ್ಮ ಇಲಾಖೆ ನಂಬಿದಂತಿದೆ.

ಮಜ್ಜಿಗೆಗೆ ಪರ್ಮಿಟ್ ಬೇಡ ಸ್ವಾಮಿ. ಆ ಅರ್ಜಿ ಹಿಡಿದು ತೇನಿಗೆ ಅಲೆಯುವಷ್ಟರಲ್ಲಿ ಮಗಳಿಗೆ ಹದಿನೆಂಟು ದಾಟಿರುತ್ತದೆ. ನಿಯಮಕ್ಕೆ ಒಂದೇ ಸಾಲು ಸೇರಿಸಿ: ಧರ್ಮಕ್ಕೆ ನಿಂತ ಮಗುವಿಗೂ ಮೂರೇ ಗಂಟೆ, ಕುಡಿಯಲು ನೀರು, ತಲೆಗೆ ನೆರಳು, ಏಳರೊಳಗೆ ಮನೆ. ಮುಂದಿನ ಜೂನ್ 12ರ ಮೆರವಣಿಗೆಗೆ ಮುಂಚೆ ಸೇರಿಸಿದರೆ ಇನ್ನೂ ಉಪಕಾರ.

ಇಂತಿ,
ಗೂಡಲೂರಿನ ಒಬ್ಬ ತಂದೆ