ಪಾತಾಳಕ್ಕಿಳಿದ ಬೆಟ್ಟ

ಕೊಪ್ಪಳದ ಕೋಟೆಬೆಟ್ಟವು ಮುತ್ತಿಗೆಗಳನ್ನೂ ಬೇಸಗೆಗಳನ್ನೂ ಸಮಾನ ನಿರ್ಲಕ್ಷ್ಯದಿಂದ ಸಹಿಸಿ ನಿಂತಿರುವುದು ಲೋಕವಿದಿತವಾದರೂ, ಅದರ ಒಂದು ಬಂಡೆಯನ್ನು 640 ಮೀಟರು ನೆಲದೊಳಕ್ಕೆ ಇಳಿಸುವ ಸಾಮರ್ಥ್ಯ ಗಣಕಯಂತ್ರಕ್ಕುಂಟೆಂಬುದನ್ನು ನಾನು ಕಂಡದ್ದು ಕುಷ್ಟಗಿಯಲ್ಲಿ, ಗಣಿತದ ಮಾಸ್ತರರಾದ ನನ್ನ ಮಿತ್ರರ ಮನೆಯ ಪಡಸಾಲೆಯಲ್ಲಿ. ಬಂಡೆಯ ಬುಡದಿಂದ 100 ಮೀಟರು ದೂರ ನಿಂತು ನೋಡಿದಾಗ ಅದರ ನೆತ್ತಿ 30 ಡಿಗ್ರಿ ಕೋನದಲ್ಲಿ ಕಂಡಿತ್ತು. ಹತ್ತನೆಯ ಇಯತ್ತೆಯ ಹುಡುಗನೂ ಎತ್ತರ 57.7 ಮೀಟರೆಂದು ಹೇಳಿಬಿಡುವನು. ಎಕ್ಸೆಲ್ ಮಾತ್ರ ಟ್ಯಾನ್ 30ಕ್ಕೆ ಋಣ 6.405 ಎಂದು ನಿರ್ವಿಕಾರವಾಗಿ ನುಡಿದು, ಬಂಡೆಯನ್ನು ಪಾತಾಳಕ್ಕೆ ಕಳುಹಿತು.

ಡಿಗ್ರಿ ಎಂಬುದನ್ನು ಮಾಸ್ತರರು ಮನಸ್ಸಿನಲ್ಲಿಟ್ಟುಕೊಂಡಿದ್ದರೇ ಹೊರತು ಯಂತ್ರಕ್ಕೆ ಹೇಳಿರಲಿಲ್ಲ. ಅದಾದರೋ ರೇಡಿಯನ್ನಿನ ಉಪಾಸಕ. ಒಂದು ರೇಡಿಯನ್ ಸುಮಾರು 57.3 ಡಿಗ್ರಿಯಾದುದರಿಂದ, ಅದು ನಾಲ್ಕು ಸುತ್ತು ಪೂರ್ತಿ ಪ್ರದಕ್ಷಿಣೆ ಬಂದು, ಐದನೆಯದರ ಮುಕ್ಕಾಲು ದಾಟಿ, ಕೆಳಮುಖವಾಗಿ ನಿಂತುಬಿಟ್ಟಿತ್ತು. ಗಂಗಾವತಿಯ ಅಕ್ಕಿಪೇಟೆಯಲ್ಲಿ ‘ಮೂವತ್ತು ಕೊಡ್ರಿ’ ಎಂದರೆ, ‘ಕಿಲೋ ಏನ್ರೀ, ಚೀಲ ಏನ್ರೀ?’ ಎಂದು ಕೇಳುವಷ್ಟು ಸೌಜನ್ಯವಾದರೂ ಉಂಟು. ಈ ಮಹಾಪಂಡಿತನಿಗೆ ಮರುಪ್ರಶ್ನೆ ಹಾಕುವ ಅಭ್ಯಾಸವೇ ಇಲ್ಲ.

‘ಇದೆಲ್ಲಾ ವಿಲಾಯತಿ ಕಿತಾಪತಿ’ ಎಂದು ಮಾಸ್ತರರು ಗೊಣಗಿದರು. 499ರ ಸುಮಾರಿನಲ್ಲಿಯೇ ಆರ್ಯಭಟನು ಜ್ಯಾಗಳನ್ನು ಲೆಕ್ಕಿಸಲು ತ್ರಿಜ್ಯವನ್ನು 3438 ಎಂದಿರಿಸಿಕೊಂಡದ್ದನ್ನೂ, ಆ ಸಂಖ್ಯೆಯು ಒಂದು ರೇಡಿಯನ್ನಿನಲ್ಲಿ ಅಡಗಿರುವ ಕಲೆಗಳ, ಅಂದರೆ ಡಿಗ್ರಿಯ ಅರವತ್ತನೆಯ ಪಾಲುಗಳ, ಲೆಕ್ಕವೇ ಹೊರತು ಬೇರೆಯಲ್ಲವೆಂಬುದನ್ನೂ ನಾನು ವಿನಯಪೂರ್ವಕವಾಗಿ ನೆನಪಿಸಿದೆನು. ಒಪ್ಪಿದರೆಂದು ಹೇಳಲಾರೆ, ಆದರೆ ರೇಡಿಯನ್ಸ್ ಎಂಬ ಸೂತ್ರವನ್ನು ನಡುವೆ ಸೇರಿಸಿದರು, ಬಂಡೆ ಮೇಲೆದ್ದಿತು. ಆ ಉತ್ಸಾಹದಲ್ಲಿ 90 ಡಿಗ್ರಿಯ ಕೊಸೈನನ್ನು ಕೇಳಲಾಗಿ, ಸೊನ್ನೆಯೆನ್ನಬೇಕಾದ ಯಂತ್ರವು ದಶಾಂಶ ಬಿಂದುವಿನ ಮುಂದೆ ಹದಿನಾರು ಸೊನ್ನೆಗಳನ್ನಿಟ್ಟು ಕೊನೆಗೊಂದು ಆರನ್ನು ಅಂಟಿಸಿಕೊಟ್ಟಿತು. ಮುಗಿಯದ ದಶಾಂಶಗಳ ‘ಪೈ’ಯನ್ನು ಪರಿಮಿತ ಅಂಕಿಗಳಲ್ಲಿ ತುಂಬಿಕೊಂಡವರಿಗೆ ಇಷ್ಟು ಶೇಷ ಉಳಿಯುವುದು ಸಹಜವೇ, ಆದೊಡೆ ಮಾಸ್ತರರು, ‘ಸೊನ್ನಿ ಅಂದ್ರ ಸೊನ್ನೀನ ರೀ’ ಎಂದು ಬಹಳ ಹೊತ್ತು ಕೆರಳಿಯೇ ಇದ್ದರು.

ಮಾಸ್ತರರು ಮುಂದೆ ಕೈಹಾಕಿದ್ದು ಜೋಲುವ ತಂತಿಯ ಲೆಕ್ಕಕ್ಕೆ. ಯಲಬುರ್ಗಿಯ ಕಡೆಯ ಬಯಲಿನಲ್ಲಿ ಗಾಳಿಯಂತ್ರಗಳ ನಡುವೆ ಕಂಬದಿಂದ ಕಂಬಕ್ಕೆ ಜೋಲುವ ವಿದ್ಯುತ್ ತಂತಿಯನ್ನು ಪರವಲಯವೆಂದು ಭ್ರಮಿಸುವವರು ಅನೇಕರು. ಜೋಲುವ ಸರಪಳಿಯ ನಿಜವಾದ ವಕ್ರರೇಖೆಯನ್ನು ಹೈಗೆನ್ಸ್, ಲೈಬ್ನಿಟ್ಸ್, ಯೋಹಾನ್ ಬರ್ನೂಲಿ ಎಂಬ ಮೂವರು 1691ರಲ್ಲಿ ಬಿಡಿಸಿದರು. ಇಂದಿನವರು ಅದನ್ನು ಹೈಪರ್ಬಾಲಿಕ್ ಕೊಸೈನಿನಿಂದ ಬರೆಯುತ್ತಾರೆ. ಇಲ್ಲಿ ಡಿಗ್ರಿಯ ಜಗಳವಿಲ್ಲವೆಂದು ಮಾಸ್ತರರಿಗೆ ಪರಮಾನಂದ. ಆದರೆ ದೂರವನ್ನು ತಂತಿಯ ಬಿಗಿತಕ್ಕೂ ಅದರ ಪ್ರತಿ ಮೀಟರಿನ ತೂಕಕ್ಕೂ ಇರುವ ಅನುಪಾತದಿಂದ ಮೊದಲು ಭಾಗಿಸಬೇಕೆಂಬ ಮಾತು ನನ್ನ ಬಾಯಿಂದ ಹೊರಡುವ ಮೊದಲೇ ಅವರು 150 ಮೀಟರನ್ನು ನೇರವಾಗಿ ಉಣಿಸಿಯಾಗಿತ್ತು. 65 ಅಂಕಿಗಳ ಸಂಖ್ಯೆಯೊಂದು ಮೂಡಿತು; ತಂತಿ ನಕ್ಷತ್ರಮಂಡಲಗಳನ್ನೆಲ್ಲ ಹಿಂದಿಟ್ಟು ಏರಿಹೋಗಿತ್ತು.

ಮಾಸ್ತರರು ಕನ್ನಡಕವನ್ನು ಹಣೆಗೇರಿಸಿ, ‘ಇಷ್ಟ್ ತಂತೀಗೆ ಟೆಂಡರ್ ಯಾರ್ ಹಾಕ್ತಾರ್ರೀ?’ ಎಂದರು.