ನಕ್ಷಾಮೀಮಾಂಸೆ: ಬಿದನೂರು ಸೀಮೆಯ ಸೂರುಗಳನ್ನು ಕುರಿತು

ಸ್ಥಳೀಯ ಸಂಸ್ಥೆಗಳು ನಿವೇಶನ ನಕ್ಷೆಯನ್ನು ಪರಿಶೀಲಿಸುವುದರಿಂದ ಕಟ್ಟಡಗಳ ವಿನ್ಯಾಸದ ಗುಣಮಟ್ಟ ಸುಧಾರಿಸುತ್ತದೆ ಎಂಬ ಪರಿಕಲ್ಪನೆಯನ್ನು ಮಲೆನಾಡಿನ ನೆಲೆಯಲ್ಲಿ, ಮಳೆಯ ಪರಿಪ್ರೇಕ್ಷ್ಯದಲ್ಲಿ, ಹೆಂಚಿನೊಂದಿಗೆ ಮುಖಾಮುಖಿಯಾಗಿಸುವ ವಿನಮ್ರ ಅನುಸಂಧಾನವೇ ಪ್ರಸ್ತುತ ಪ್ರಬಂಧ. ಇದಕ್ಕೆ ಬೇಕಾದ ಕ್ಷೇತ್ರಕಾರ್ಯವನ್ನು ಪ್ರಬಂಧಕಾರನು ಒಂದು ಕಚೇರಿಯ ಮರದ ಬೆಂಚಿನ ಮೇಲೆ ಹನ್ನೊಂದು ತಿಂಗಳು ಕೂತು ಪೂರೈಸಿದ್ದಾನೆ. ಕಚೇರಿ ಯಾವ ಊರಿನದು ಎಂಬುದು ಶಾಸ್ತ್ರಕ್ಕೆ ಅನಗತ್ಯ. ಬೆಂಚಿನ ಒಂದು ಕಾಲು ಗಿಡ್ಡವಿತ್ತು ಎಂಬುದು ಅಗತ್ಯ.

ಪ್ರಮೇಯ ಇಷ್ಟೇ: ಪರಿಶೀಲನೆಯಿಂದ ಗುಣಮಟ್ಟ ಖಂಡಿತ ಸುಧಾರಿಸುತ್ತದೆ. ಯಾವುದರ ಗುಣಮಟ್ಟ ಎಂಬಲ್ಲಿ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ.

1. ನಾಮನಿರ್ಣಯ

ಕೆಳದಿ ನಾಯಕರ ರಾಜಧಾನಿ ಬಿದನೂರು 1763ರಲ್ಲಿ ಹೈದರಾಲಿಯ ವಶವಾಗಿ ಹೈದರ್‌ನಗರವಾಯಿತು. ಹೈದರ್ ಉದುರಿ ಬರೀ ನಗರ ಉಳಿಯಿತು. ಹೀಗೆ ನಗರವೆಂದೇ ಹೆಸರಾದ ಊರಲ್ಲಿ ಇರುವುದು ಗ್ರಾಮ ಪಂಚಾಯಿತಿ. ನಗರಸಭೆ ಇರುವುದು ಸಾಗರದಲ್ಲಿ. ಅಲ್ಲಿ ಸಾಗರವಿಲ್ಲ, ಸದಾಶಿವಸಾಗರ ಎಂಬ ಕೆರೆಯಿದೆ, ಅದನ್ನೂ ಈಗ ಗಣಪತಿ ಕೆರೆ ಅನ್ನುತ್ತಾರೆ. ಕಲ್ಲೂರುಕಟ್ಟೆ ಹೊಸನಗರವಾಗಿ ಪಟ್ಟಣ ಪಂಚಾಯಿತಿಗೆ ನಿಂತಿತು. ತೀರ್ಥಹಳ್ಳಿ ಹಳ್ಳಿಯಾಗಿಯೇ ಉಳಿದು ಪಟ್ಟಣ ಪಂಚಾಯಿತಿ ಪಡೆಯಿತು. ಹೆಸರಿಗೂ ವಸ್ತುವಿಗೂ ಹೊಂದದ ಇಂಥ ಸೀಮೆಯಲ್ಲಿ ನಕ್ಷೆಗೂ ಮನೆಗೂ ನಂಟು ಹುಡುಕಲು ಹೊರಟಿದ್ದೇ ನನ್ನ ತಪ್ಪು.

ಶಾಸ್ತ್ರಾಧಾರಗಳು: 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಶ್ರುತಿ. 1964ರ ಪುರಸಭೆಗಳ ಕಾಯ್ದೆ ಸ್ಮೃತಿ. ಬೈಲಾ ಎಂಬುದು ಭಾಷ್ಯ. ಕೇಸ್ ವರ್ಕರ್ ಬಾಯಲ್ಲಿ ಹೇಳುವುದು ಟಿಪ್ಪಣಿ. ಇವುಗಳಲ್ಲಿ ಒಂದಕ್ಕೊಂದು ವಿರೋಧ ಬಂದಾಗ ಟಿಪ್ಪಣಿಯೇ ಪ್ರಮಾಣ.

2. ನಕ್ಷಾಭೇದ

ನಕ್ಷೆಗಳಲ್ಲಿ ಏಳು ಪ್ರಭೇದ.

ಮೊದಲನೆಯದು ಸಲ್ಲಿಕಾ ನಕ್ಷೆ. ಇದನ್ನು ಓದುವವರು ಯಾರೂ ಇಲ್ಲ, ನೋಡುವವರು ಐದು ಮಂದಿ. ಇದರಲ್ಲಿ ನಾಲ್ಕೂ ದಿಕ್ಕಿಗೆ ಸೆಟ್‌ಬ್ಯಾಕ್ ಇರುತ್ತದೆ, ಕಾರು ನಿಲ್ಲಿಸುವ ಜಾಗ ಇರುತ್ತದೆ, ಮೂಲೆಗೊಂದು ಗುಂಡನೆಯ ಗಿಡವೂ ಇರುತ್ತದೆ. ಆ ಗಿಡ ಯಾವ ಜಾತಿಯದೆಂದು ಪಶ್ಚಿಮಘಟ್ಟದ ಸಸ್ಯಶಾಸ್ತ್ರ ಹೇಳುವುದಿಲ್ಲ. ಅದು ರಬ್ಬರ್ ಸ್ಟ್ಯಾಂಪಿನ ನೆರಳಲ್ಲಿ ಮಾತ್ರ ಬದುಕುತ್ತದೆ.

ಎರಡನೆಯದು ಮೇಸ್ತ್ರಿ ನಕ್ಷೆ. ಮೇಸ್ತ್ರಿಯ ತಲೆಯಲ್ಲಿದ್ದು, ಪಾಯ ತೆಗೆಯುವ ದಿನ ಸುಣ್ಣದ ಪುಡಿಯ ಗೆರೆಯಾಗಿ ನೆಲಕ್ಕಿಳಿಯುತ್ತದೆ. ಮನೆ ಏಳುವುದು ಇದರ ಪ್ರಕಾರ. ಸಲ್ಲಿಕಾ ನಕ್ಷೆಗೂ ಇದಕ್ಕೂ ಚೆಕ್ಕುಬಂದಿ ಒಂದೇ, ಅಷ್ಟರಮಟ್ಟಿಗೆ ದಾಯಾದಿಗಳು.

ಮೂರನೆಯದು ಅಕ್ರಮ-ಸಕ್ರಮ ನಕ್ಷೆ. ಮೊದಲು ಮನೆ, ಆಮೇಲೆ ನಕ್ಷೆ. ವಾಸದ ಮನೆ ಸೆಟ್‌ಬ್ಯಾಕಿನಲ್ಲಿ ಶೇ. 50ರವರೆಗೆ, ಅಂಗಡಿ ಮಳಿಗೆ ಶೇ. 25ರವರೆಗೆ ಪಾಪ ಮಾಡಿದ್ದರೆ ದಂಡ ಕಟ್ಟಿ ಪುನೀತವಾಗಬಹುದು ಎಂದಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟು ಈ ಪ್ರಭೇದವನ್ನು ಮಲಗಿಸಿತು.

ಉಳಿದ ನಾಲ್ಕು... ಬಿಡಿ. ಬೆಂಚಿನ ಮೇಲೆ ಹೊತ್ತು ಹೋಗದೆ ಎಣಿಸಿದ್ದು ಅವು.

3. ಸೂರುವಾದ

ನನ್ನದು ಜಂಬಿಟ್ಟಿಗೆ ಗೋಡೆ, ಮೇಲೆ ಮಂಗಳೂರು ಹೆಂಚು. ಸೂರು ಗೋಡೆಯಿಂದ ನಾಲ್ಕು ಅಡಿ ಮುಂದೆ ಚಾಚಿತ್ತು. ನಮ್ಮಜ್ಜನ ಮನೆಯಲ್ಲೂ ಅಷ್ಟೇ ಇತ್ತು. ಅಜ್ಜ ಯಾವ ಪರಿಪ್ರೇಕ್ಷ್ಯವನ್ನೂ ಓದಿದವನಲ್ಲ. ಗೋಡೆ ನೆನೆದರೆ ಏನಾಗುತ್ತದೆಂದು ಗೊತ್ತಿತ್ತು.

ಮೂರನೇ ಸಲ ನಕ್ಷೆ ವಾಪಸು ಬಂದಾಗ ಎಂಜಿನಿಯರ್ ಮೇಜಿನ ಮುಂದೆ ನಿಂತೆ. ಬಯಲುಸೀಮೆಯ ಹುಡುಗ, ಒಳ್ಳೆಯವನೇ. ನಕ್ಷೆಯ ಮೇಲೆ ಕೆಂಪು ಪೆನ್ನಿನಿಂದ ಸೂರನ್ನು ಸುತ್ತು ಹಾಕಿದ್ದ.

"ಇದು ಸೆಟ್‌ಬ್ಯಾಕ್ ಒಳಗೆ ಬರುತ್ತೆ ಸಾರ್. ಯಾಕೆ ಇಷ್ಟು ಹೊರಗೆ ಬಿಟ್ಟಿದೀರಿ?"

"ಮಳೆಗೆ."

"ಮಳೆಗೆ ಕಾಲಂ ಇಲ್ವಲ್ಲ ಸಾರ್."

"ಮಳೆನೀರು ಕೊಯ್ಲು ಅಂತ ಇದೆಯಲ್ಲಪ್ಪ?"

"ಅದು ನೀರಿಗೆ ಸಾರ್. ಮಳೆಗಲ್ಲ."

ಮೀಮಾಂಸಾಶಾಸ್ತ್ರದಲ್ಲಿ ಇಷ್ಟು ಸೂಕ್ಷ್ಮವಾದ ಭೇದವನ್ನು ನಾನು ಕಂಡಿಲ್ಲ. ಇದೇ ಸೀಮೆಯ ಆಗುಂಬೆಯಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 7,000 ಮಿ.ಮೀ. ದಾಟುವುದು ಏನು ಹಾಗಾದರೆ? ಸೂರನ್ನು ಎರಡು ಅಡಿಗೆ ಇಳಿಸಿದೆವು. ನಾಲ್ಕನೇ ಸಲ ಬಡಗು ದಿಕ್ಕಿನ ಬಾಣ ಸಣ್ಣದಾಯಿತೆಂದು ಬಂತು, ದೊಡ್ಡದು ಮಾಡಿದೆವು. ನಕ್ಷೆ ಮಂಜೂರಾಯಿತು. ನೋಡಲು ನಿಜಕ್ಕೂ ಚೆಂದವಿತ್ತು.

ಎರಡನೇ ಮಳೆಗಾಲಕ್ಕೆ ಪಡುವಣ ಗೋಡೆ ಮೊಳಕಾಲೆತ್ತರಕ್ಕೆ ಹಸಿರಾಯಿತು. ಅದೇ ಬೀದಿಯಲ್ಲಿ ಆರ್‌ಸಿಸಿ ತಾರಸಿಯ ಮನೆಗಳಿವೆ, ಬೆಂಗಳೂರಿನ ಎಲಿವೇಶನ್. ಎರಡು ವರ್ಷ ಸೋರಿದ ಮೇಲೆ ಎಲ್ಲರೂ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹೊದಿಸಿದರು. ಮನೆಗೊಂದು ಮನೆಯಷ್ಟೇ ದೊಡ್ಡ ಕೊಡೆ. ಆ ಶೀಟುಗಳು ರಸ್ತೆಯ ಮೇಲೆ ಐದೈದು ಅಡಿ ಬಂದಿವೆ, ಪಕ್ಕದ ಕಾಂಪೌಂಡಿನೊಳಗೆ ನೀರು ಹುಯ್ಯುತ್ತವೆ. ಅವು ಯಾವ ನಕ್ಷೆಯಲ್ಲೂ ಇಲ್ಲ. ನಕ್ಷೆಯಲ್ಲಿ ಇಲ್ಲದ್ದನ್ನು ಪರಿಶೀಲಿಸುವುದು ಹೇಗೆ? ಕೇಳಿ ಕಟ್ಟುವ ಸೂರು ಉಲ್ಲಂಘನೆ, ಕೇಳದೆ ಹೊದಿಸಿದ ಶೀಟು ಹವಾಮಾನ.

4. (ಈ ಭಾಗಕ್ಕೆ ಹೆಸರಿಟ್ಟಿಲ್ಲ)

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ನಡುಕಂಬಗಳ ನಡುವಿನ ಅಂತರವೇ ಒಂದು ಕಾಲಕ್ಕೆ ತೋಟದ ಜಮೀನಿನ ಅಳತೆಗೆ ಮಾನವಾಗಿತ್ತು. ಅಳತೆ ಕಲ್ಲಿನಲ್ಲಿತ್ತು, ತಕರಾರಿದ್ದವನು ಕೋಲು ಹಿಡಿದುಕೊಂಡು ಹೋಗಿ ನೋಡಬಹುದಿತ್ತು. ಕೆಳದಿಯ ಶಿವಪ್ಪ ನಾಯಕ ಕಂದಾಯದ ಶಿಸ್ತು ಗೊತ್ತುಮಾಡುವ ಮೊದಲು ಊರೂರಲ್ಲಿ ಬಗೆಬಗೆಯ ಗದ್ದೆಗಳನ್ನು ತಾನೇ ಸಾಗುವಳಿ ಮಾಡಿಸಿ, 12 ವರ್ಷ ಬೀಜ, ಖರ್ಚು, ಇಳುವರಿಯ ಲೆಕ್ಕ ಬರೆಸಿದನಂತೆ. ನಾಯಕರ ಕಾಲ ಸ್ವರ್ಗವಾಗಿತ್ತು ಅನ್ನುತ್ತಿಲ್ಲ, ಕಂದಾಯ ಯಾವತ್ತೂ ಕಂದಾಯವೇ. ಆದರೆ ಮಣ್ಣು ನೋಡಿ ಬರೆದರು.

ನನ್ನ ನಿವೇಶನ ರಸ್ತೆಯಿಂದ ಹಿಂದಕ್ಕೆ ಆರು ಅಡಿ ಏರುತ್ತದೆ. ಮಂಜೂರಾದ ನಕ್ಷೆಯಲ್ಲಿ ಅದು ಕೇರಂ ಬೋರ್ಡಿನ ಹಾಗೆ ಚಪ್ಪಟೆ. ಇಲ್ಲಿ ನಿವೇಶನ ಅಂದರೆ ಇಳಿಜಾರು. ಜೆಸಿಬಿ ತಂದು ಗುಡ್ಡದ ಬುಡ ಕೊರೆದು ಸಮತಟ್ಟು ಮಾಡಿದರೆ ಹಿಂದೆ ಧರೆ ನಿಲ್ಲುತ್ತದೆ. ಧರೆ ಎಷ್ಟೆತ್ತರ, ಅದರ ನೆತ್ತಿಯ ಮೇಲೆ ಏನಿದೆ, ಮಳೆಯ ನೀರು ಯಾವ ಕಡೆ ಹರಿಯುತ್ತದೆ ಎಂದು ಹನ್ನೊಂದು ತಿಂಗಳಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಆಷಾಢ ಬಂದರೆ ಪೇಪರಿನಲ್ಲಿ "ಧರೆ ಕುಸಿದು" ಎಂದು ಶುರುವಾಗುವ ಸುದ್ದಿಗಳನ್ನು ನಾವು ಕಾಫಿ ಕುಡಿಯುತ್ತಾ ಓದುತ್ತೇವೆ. ಬಾಣದ ಗಾತ್ರ ನೋಡುವಷ್ಟು ಕಣ್ಣಿದ್ದವರಿಗೆ ಗುಡ್ಡ ಕಾಣುವುದಿಲ್ಲವೇ?

ಪುರಸಭೆಗಳ ಕಾಯ್ದೆ ಬಂದ 1964ರಲ್ಲೇ ಲಿಂಗನಮಕ್ಕಿ ಅಣೆಕಟ್ಟೂ ಮುಗಿಯಿತು. ಮನೆ ಹೇಗೆ ಕಟ್ಟಬೇಕೆಂದು ಒಂದು ಕಡೆ ಕಲಮುಗಳನ್ನು ಬರೆಯುತ್ತಿದ್ದಾಗ, ಇನ್ನೊಂದು ಕಡೆ ಸಾಗರ, ಹೊಸನಗರದ ಹಳ್ಳಿಗಳು ಶರಾವತಿಯ ನೀರಿಗೆ ಹೋಗುತ್ತಿದ್ದವು. ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದವರು ಹಾಗೆ ಎದ್ದು ಬಂದ ಮನೆಯ ಮೊಮ್ಮಗ. ಹಕ್ಕುಪತ್ರ ಇಲ್ಲ, ಹಾಗಾಗಿ ಖಾತೆ ಇಲ್ಲ, ಹಾಗಾಗಿ ನಕ್ಷೆ ಇಲ್ಲ, ಹಾಗಾಗಿ ಸಾಲ ಇಲ್ಲ. ಕೈಯಲ್ಲೊಂದು ಪ್ಲಾಸ್ಟಿಕ್ ಕೊಟ್ಟೆ, ಅದರೊಳಗೆ ಅಜ್ಜನ ಹೆಸರಿನ ಕಂದಾಯದ ರಶೀದಿ, ಮಡಿಕೆ ಬಿಟ್ಟು ನಾಲ್ಕು ತುಂಡಾದದ್ದು. "ನಿಮ್ದು ಸೂರು ಮಾತ್ರ ಅಲ್ವಾ, ಆಗುತ್ತೆ ಬಿಡಿ" ಎಂದು ನನಗೇ ಸಮಾಧಾನ ಹೇಳಿದರು. ಅವರ ಮನೆಯ ವಿನ್ಯಾಸದ ಗುಣಮಟ್ಟವನ್ನು ಯಾವ ನೆಲೆಯಲ್ಲಿ ಅನುಸಂಧಾನ ಮಾಡಲಿ? ಇಲ್ಲಿ ನನಗೆ ಅಣಕ ಬರುವುದಿಲ್ಲ.

ಈಗ ಮೇ ಕೊನೆಗೆ ಸೂರಿನ ಅಂಚಿಗೆ ಅಡಿಕೆ ಸೋಗೆಯ ಜಡಿತಟ್ಟಿ ಕಟ್ಟಿಸುತ್ತೇನೆ. ಕತ್ತರಿಸಿದ ಎರಡು ಅಡಿ ಹಾಗೆ ವಾಪಸು ಬರುತ್ತದೆ, ನಾಲ್ಕು ತಿಂಗಳ ಮಟ್ಟಿಗೆ. ಹೋದ ಜುಲೈಯಲ್ಲಿ ಕಂದಾಯದ ಅಳತೆಗೆಂದು ಅದೇ ಎಂಜಿನಿಯರ್ ಬಂದ. ಗೇಟು ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟೆವು. ಟೇಪು ಬಿಚ್ಚಲೇ ಇಲ್ಲ. ಮುಕ್ಕಾಲು ಗಂಟೆ ಮಳೆ ನೋಡುತ್ತಾ ಕೂತ. ಏಳುವಾಗ ಸೋಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, "ಒಂದು ಹನಿ ಒಳಗೆ ಬರ್ಲಿಲ್ಲ ನೋಡಿ ಸಾರ್. ಕ್ವಾರ್ಟ್ರಸ್ಸಲ್ಲಿ ನಮಗೆ ಹಾಲ್‌ನಲ್ಲೇ ಬಕೆಟ್ಟು. ಇದನ್ನ ಕಟ್ಟೋರು ಯಾರಾದ್ರೂ ಸಿಗ್ತಾರಾ?" ಎಂದ.