ಜಿಲ್ಲೆಯ ಅತಿ ಉದ್ದದ ಆಸ್ಪತ್ರೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ರಾಷ್ಟ್ರೀಯ ಹೆದ್ದಾರಿ 66 (ಪೂರ್ವಾಶ್ರಮದ ಹೆಸರು: ಹೆದ್ದಾರಿ 17),
ಕುಮಟಾ–ಹೊನ್ನಾವರ–ಭಟ್ಕಳ ವಿಭಾಗ, ಉತ್ತರ ಕನ್ನಡ ಜಿಲ್ಲೆ.

ವಿಷಯ: ಎಲ್ಲರಿಗೂ ಆರೋಗ್ಯ ಸೇವೆಯ ಗುಣದೋಷಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಸಲ್ಲಿಸುವ ಕುರಿತು.

ಎಲ್ಲರಿಗೂ ಆರೋಗ್ಯ ಸೇವೆ ಎಂದರೆ ಕಾಯಿಲೆ ಬಿದ್ದವನ ಕಿಸೆ ನೋಡದೆ ನಾಡಿ ನೋಡುವ ವ್ಯವಸ್ಥೆ. ಅದಕ್ಕೆ ಬೇಕಾದ ಹಣವನ್ನು ಸಮಾಜ ತೆರಿಗೆಯಾಗಿಯೋ ವಿಮೆಯ ಕಂತಾಗಿಯೋ ಮೊದಲೇ ಕೂಡಿಟ್ಟಿರುತ್ತದೆ. ಬ್ರಿಟನ್ 1948ರ ಜುಲೈ 5ರಿಂದ ತೆರಿಗೆಯ ದಾರಿ ಹಿಡಿದಿದೆ. ಥಾಯ್ಲೆಂಡ್ ಈ ಶತಮಾನದ ಆರಂಭದಲ್ಲಿ, ಆಸ್ಪತ್ರೆಗೆ ಒಮ್ಮೆ ಹೋದರೆ 30 ಬಾತ್ ಎಂಬ ಪದ್ಧತಿ ತಂದಿತು. ಭಾರತದಲ್ಲಿ ಈ ಮಾತನ್ನು 1946ರಲ್ಲೇ ಭೋರ್ ಸಮಿತಿ ಆಡಿತ್ತು: ದುಡ್ಡಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದು, ಕಾಲಕ್ರಮದಲ್ಲಿ 10ರಿಂದ 20 ಸಾವಿರ ಜನರಿಗೊಂದು 75 ಹಾಸಿಗೆಯ ಆಸ್ಪತ್ರೆ ಇರಬೇಕು. ಒಂದೂವರೆ ಲಕ್ಷ ದಾಟಿದ ಜನಸಂಖ್ಯೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಿಗೆ ಆ ಲೆಕ್ಕದಲ್ಲಿ ತಲಾ ಏಳೆಂಟು ಆಸ್ಪತ್ರೆಗಳಾದರೂ ಬರಬೇಕಿತ್ತು. ಅವು ಇರಬೇಕಾದ ಜಾಗದಲ್ಲಿ ಮಾನ್ಯ ಹೆದ್ದಾರಿ ಹಾಸಿಕೊಂಡಿದೆ.

ಹೆದ್ದಾರಿಯ ಸೇವಾ ಕ್ರಮ ಸರಳ. ಇಲ್ಲಿ ಹಾಸಿಗೆಗಳಿಲ್ಲ, ಲೇನುಗಳಿವೆ. ವಾರ್ಡು ನಂಬರಿನ ಬದಲು ಕಿಲೋಮೀಟರ್ ಕಲ್ಲು. ನಡುರಾತ್ರಿ ಎದೆನೋವೆಂದೋ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟೆಂದೋ ಬಂದವರನ್ನು ತಾಲೂಕು ಆಸ್ಪತ್ರೆಯಲ್ಲಿ ನೋಡುತ್ತಾರೆ, ಬಿ.ಪಿ. ಅಳೆಯುತ್ತಾರೆ, ಡ್ರಿಪ್ ಹಾಕುತ್ತಾರೆ. ಆಮೇಲೆ ಚೀಟಿ ಬರೆಯುತ್ತಾರೆ. ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂದಿರುತ್ತದೆ. ಬಾಯಲ್ಲಿ ಹೇಳುವುದು ‘ಮುಂದೆ ತಕ್ಕಂಡ್ ಹೋಗಿ’ ಎಂದು. ಮುಂದೆ ಎಂದರೆ ಎಲ್ಲಿಗೆ ಎಂದು ಈ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಮನೆಯವರಲ್ಲಿ ಒಬ್ಬ ರೇಷನ್ ಕಾರ್ಡು, ಆಧಾರ್ ತರಲು ಓಡುತ್ತಾನೆ, ಇನ್ನೊಬ್ಬ ಎಟಿಎಮ್ಮಿಗೆ. ಹೆಂಗಸರು ಬೆಡ್‌ಶೀಟು, ಫ್ಲಾಸ್ಕು, ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕುತ್ತಾರೆ. ಹಿಂದೊಮ್ಮೆ ಹೋಗಿ ಬಂದ ಮನೆಯಾದರೆ ಆ ಚೀಲ ಕಟ್ಟಿಯೇ ಇಟ್ಟಿರುತ್ತದೆ.

ಮುಂದೆ ಎಂದರೆ ಮಣಿಪಾಲ, ಇಲ್ಲವೆ ಮಂಗಳೂರು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿ.ಮೀ., ಹೊನ್ನಾವರದಿಂದ 130ರ ಸುಮಾರು, ಕುಮಟಾದಿಂದ 150ರ ಹತ್ತಿರ. ಜಿಲ್ಲೆಯದೇ ಆದ ಸರ್ಕಾರಿ ವೈದ್ಯಕೀಯ ಕಾಲೇಜು ಕಾರವಾರದಲ್ಲಿದೆ. ಕುಮಟಾದವರಿಗೆ ಅದು ಹತ್ತಿರವೇ, ಆದರೆ ಜಿಲ್ಲೆಯ ಇನ್ನೊಂದು ತುದಿಯಲ್ಲಿರುವ ಭಟ್ಕಳದವರಿಗೆ ಮಣಿಪಾಲಕ್ಕಿಂತ ದೂರ. ಹೀಗೆ ದಕ್ಷಿಣಕ್ಕೆ ಹೋಗುವುದಕ್ಕೆ ಚರಿತ್ರೆಯ ಬೆಂಬಲವೂ ಉಂಟು. ಒಂದೇ ಆಗಿದ್ದ ಕನ್ನಡ ಜಿಲ್ಲೆಯ ಉತ್ತರದ ಪಾಲನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಚೇರಿ, ಕಡತ, ಕಲೆಕ್ಟರು ಎಲ್ಲ ಬೇರೆಯಾದವು. ರೋಗಿಗಳಿಗೆ ಮಾತ್ರ ಆದೇಶದ ಪ್ರತಿ ತಲುಪಿದಂತಿಲ್ಲ. ಅವರು ಈಗಲೂ 1848ರಲ್ಲಿ ಶುರುವಾದ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೆ, 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದಲ್ಲಿ ಸ್ಥಾಪಿಸಿದ ಕಾಲೇಜಿನ ಆಸ್ಪತ್ರೆಗೆ, ಅಖಂಡ ಕನ್ನಡ ಜಿಲ್ಲೆಯ ಪ್ರಜೆಗಳಂತೆ ಹೋಗುತ್ತಿದ್ದಾರೆ.

ಸರ್ಕಾರಗಳು ಸುಮ್ಮನೆ ಕೂತಿವೆ ಎನ್ನುವುದು ಅನ್ಯಾಯದ ಮಾತು. 2003ರಲ್ಲಿ ಸಹಕಾರಿ ಸಂಘಗಳ ಸದಸ್ಯರಿಗೆ ತಿಂಗಳಿಗೆ 5 ರೂಪಾಯಿಯ ಯಶಸ್ವಿನಿ ಬಂತು. 2008ರ ರಾಜ್ಯೋತ್ಸವದ ದಿನ 108 ಆಂಬುಲೆನ್ಸ್ ಹೊರಟಿತು. 2010ರಲ್ಲಿ ಬಡವರ ದೊಡ್ಡ ಕಾಯಿಲೆಗಳಿಗೆ ವಾಜಪೇಯಿ ಆರೋಗ್ಯಶ್ರೀ ಬಂತು. 2018ರ ಮಾರ್ಚಿನಲ್ಲಿ ಇಂಥ ಚಿಕಿತ್ಸಾ ಯೋಜನೆಗಳನ್ನು ಒಂದೇ ಸೂರಿಗೆ ತರುವ ಆರೋಗ್ಯ ಕರ್ನಾಟಕ ಬಂತು; ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಯಶಸ್ವಿನಿ ಯೋಜನೆ ಅದೇ ವರ್ಷ ಮುಚ್ಚಿ, ಜನರ ಗಲಾಟೆಯ ಮೇಲೆ ಕೆಲವು ವರ್ಷಗಳ ನಂತರ ಮತ್ತೆ ತೆರೆಯಿತು.

ಇಂಥ ಯೋಜನೆಗಳ ಬಲ ಏನೆಂದು ಜನರಿಗೆ ಯಾರೂ ವಿವರಿಸಬೇಕಾಗಿಲ್ಲ. ಬೈಪಾಸ್ ಆಪರೇಶನ್ನಿಗೆ ತೋಟ ಅಡವಿಟ್ಟ, ಮಗಳ ಬಂಗಾರ ಮಾರಿದ, ದೋಣಿಯ ಪಾಲು ಬಿಟ್ಟುಕೊಟ್ಟ ಕಥೆಗಳು ಪ್ರತಿ ಕೇರಿಯಲ್ಲೂ ಇವೆ. ಆಯುಷ್ಮಾನ್ ಕಾರ್ಡು ಬಂದ ಮೇಲೆ ಅಂಥವು ಕಡಿಮೆಯಾಗಿವೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕೊಡುವ ಪಾಲು 2013–14ರಲ್ಲಿ ಶೇ. 64.2 ಇದ್ದದ್ದು 2021–22ಕ್ಕೆ ಶೇ. 39.4ಕ್ಕೆ ಇಳಿದಿದೆ. ಕೈಯಿಂದ ಕೊಡುವುದು ಎಂದಾಗ ಬಾಡಿಗೆ ಕಾರಿನವನಿಗೆ, ಮಣಿಪಾಲದ ಲಾಡ್ಜಿಗೆ, ಹದಿನೈದು ದಿನದ ಹೋಟೆಲ್ ಊಟಕ್ಕೆ, ಕೆಲಸ ಬಿಟ್ಟು ಕಾಯಲು ಕೂತ ಮಗನ ಕೂಲಿಗೆ ತೆತ್ತದ್ದನ್ನು ಮನೆಯವರು ಲೆಕ್ಕ ಹಿಡಿಯುತ್ತಾರೆ. ಪ್ಯಾಕೇಜಿನಲ್ಲಿ ಇದಕ್ಕೆಲ್ಲ ಕೋಡ್ ನಂಬರ್ ಇಲ್ಲ.

ಅಭಿಪ್ರಾಯಗಳ ವಿಷಯಕ್ಕೆ ಬಂದರೆ, ಅವು ಪಕ್ಷ, ಜಾತಿ, ಓದು ಇವುಗಳಿಗಿಂತ ಹೆಚ್ಚಾಗಿ ಮಾತಾಡುವವರ ಮನೆ ಆಸ್ಪತ್ರೆಯಿಂದ ಎಷ್ಟು ದೂರ ಎಂಬುದನ್ನೇ ಅವಲಂಬಿಸಿವೆ. ದೊಡ್ಡ ಆಸ್ಪತ್ರೆಯ ಬಗಲಲ್ಲಿರುವವರು ಉಚಿತದ ತಾತ್ವಿಕ ದೋಷಗಳನ್ನು ನಿಧಾನವಾಗಿ ಚರ್ಚಿಸಬಲ್ಲರು: ಬಿಟ್ಟಿ ಕೊಟ್ಟರೆ ಬೆಲೆಯಿರುವುದಿಲ್ಲ, ಶೀತಕ್ಕೂ ಓಡಿ ಬರುತ್ತಾರೆ, ನಮ್ಮ ತೆರಿಗೆ ಯಾರದೋ ಮಾತ್ರೆಗೆ ಹೋಗುತ್ತದೆ. ಗೇರುಸೊಪ್ಪೆಯ ಆಚೆಯ ಹಳ್ಳಿಯಿಂದ ಶೀತಕ್ಕೆಂದು ಮಣಿಪಾಲಕ್ಕೆ ಓಡಿದವರು ಯಾರೂ ಈವರೆಗೆ ಸಿಕ್ಕಿಬಿದ್ದಿಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವವರಿರುವ ಭಟ್ಕಳದ ಕುಟುಂಬಗಳದ್ದು ಇನ್ನೊಂದು ಅಭಿಪ್ರಾಯ. ದುಬೈಯಲ್ಲಿ ಕೆಲಸಕ್ಕಿರುವವನಿಗೆ ವಿಮೆ ಮಾಡಿಸುವುದು ಮಾಲೀಕನ ಮೇಲೆ ಕಡ್ಡಾಯ, ಕಾರ್ಡು ತೋರಿಸಿದರೆ ಆಯಿತು. ಆ ಕಾರ್ಡು ಭಟ್ಕಳದ ನವಾಯತ ಕಾಲೊನಿಯಲ್ಲಿ ಕಾಯುತ್ತಿರುವ ಅಬ್ಬಾನ ಉಸಿರಾಟದ ತೊಂದರೆಗೆ ಬರುವುದಿಲ್ಲ. ಫೋನಿನಲ್ಲಿ ದುಬೈಯ ಮಗ ಕೇಳುವ ಪ್ರಶ್ನೆ ಒಂದೇ: ‘ಎಲ್ಲಿವರೆಗೆ ಬಂದ್ರಿ?’

ದೋಷಗಳ ಪಟ್ಟಿಯಲ್ಲಿ ಮೊದಲನೆಯದು ರೆಫರಲ್. ಆಯುಷ್ಮಾನ್ ಕಾರ್ಡಿನಡಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ತುರ್ತು ಎಂದು ಗುರುತಿಸಿದ ಚಿಕಿತ್ಸೆಗಳಿಗಷ್ಟೇ ವಿನಾಯಿತಿ. ನಿಯಮದ ಉದ್ದೇಶ ಒಳ್ಳೆಯದೇ, ಸರ್ಕಾರಿ ಆಸ್ಪತ್ರೆಯಲ್ಲೇ ಆಗುವ ಕೆಲಸಕ್ಕೆ ಖಾಸಗಿಗೆ ದುಡ್ಡು ಸುರಿಯಬಾರದೆಂದು. ಆದರೆ ತುರ್ತೂ ಹೌದು, ಅಲ್ಲವೂ ಹೌದು ಎನ್ನುವಂಥ ಕಾಯಿಲೆ ಬಂದವನು ಚೀಟಿ ಮರೆತು ಹೋದರೆ, ತೊಂಬತ್ತು ಕಿಲೋಮೀಟರ್ ಹಿಂದಿರುಗಿ ಬಂದು ತಾನು ಹೋಗಬಹುದು ಎಂದು ಬರೆಸಿಕೊಳ್ಳಬೇಕು. ಎರಡನೆಯದು, ಎಲ್ಲರಿಗೂ ಎಂಬ ಮಾತಿನೊಳಗೆ ರೇಷನ್ ಕಾರ್ಡಿನ ಬಣ್ಣ ನುಸುಳಿರುವುದು. ವರ್ಷಕ್ಕೆ 1.20 ಲಕ್ಷ ಆದಾಯದ ಗೆರೆಯ ಮೇಲೆ ಒಂದು ರೂಪಾಯಿ ದುಡಿದವನೂ ಕಾಗದದ ಮೇಲೆ ಶ್ರೀಮಂತ; ಹೃದಯಕ್ಕೆ ಸ್ಟೆಂಟ್ ಹಾಕಿಸುವಾಗ ಶೇ. 70ನ್ನು ಅವನೇ ಹೊಂದಿಸಬೇಕು. ಖಾಸಗಿ ಆಸ್ಪತ್ರೆಗಳ ದೂರೂ ಇದೆ: ದರ ಕಡಿಮೆ, ಬಿಲ್ಲಿನ ಹಣ ಬರುವುದು ತಡ. ಸಾಲು, ಕಾಯುವಿಕೆ ಬ್ರಿಟನ್ನಿನಲ್ಲೂ ಇದೆ ಎಂದು ಸಮಾಧಾನ ಹೇಳುವವರಿದ್ದಾರೆ. ಅಲ್ಲಿ ಕಾಯುವುದು ಆಸ್ಪತ್ರೆಗಾಗಿ, ಇಲ್ಲಿ ಆಸ್ಪತ್ರೆ ಕಟ್ಟುವುದಕ್ಕಾಗಿ.

ಜನ ಮನಸ್ಸು ಬಿಚ್ಚಿ ಹೊಗಳುವ ಉಚಿತ ಸೇವೆಗಳನ್ನು ಗಮನಿಸಿದರೆ ಒಂದು ಅಂಶ ಎದ್ದು ಕಾಣುತ್ತದೆ. ತಾಲೂಕು ಆಸ್ಪತ್ರೆಯ ಡಯಾಲಿಸಿಸ್, ಹೆರಿಗೆ, ಹಾವು ಕಡಿದವರಿಗೆ ಕೊಡುವ ಇಂಜೆಕ್ಷನ್, ನಾಯಿ ಕಚ್ಚಿದ್ದಕ್ಕೆ ಲಸಿಕೆ, ಇವೆಲ್ಲ ಬಸ್ಸಿಗೆ ಹೋಗಿ ಬಸ್ಸಿಗೆ ಬರುವಷ್ಟು ಹತ್ತಿರದವು. ವಾರಕ್ಕೆ ಎರಡು–ಮೂರು ಸಲ ಡಯಾಲಿಸಿಸ್ ಆಗಬೇಕಾದವನಿಗೆ ಮಂಗಳೂರಿನಲ್ಲಿ ಅದು ಉಚಿತವೆಂದರೆ ಆ ಸೇವೆ ಇಲ್ಲ ಎಂದೇ ಲೆಕ್ಕ. ಹೃದಯಾಘಾತವಾದಾಗ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ತಾಲೂಕು ಮಟ್ಟದಲ್ಲೇ ಉಚಿತವಾಗಿ ಕೊಡುವ, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೇ ತತ್ವದ್ದು: ರೋಗಿ ಔಷಧದ ಕಡೆ ಓಡುವ ಬದಲು ಔಷಧವೇ ರೋಗಿಯ ಕಡೆ ಬರುವುದು. ಮಾನ್ಯ ಹೆದ್ದಾರಿಯ ವಹಿವಾಟಿಗೆ ಇದರಿಂದ ಸ್ವಲ್ಪ ನಷ್ಟವಿದೆ.

ಹೆದ್ದಾರಿಯ ಸೇವಾ ದಾಖಲೆಯಲ್ಲಿ ಒಂದು ದಿನಾಂಕದ ಬಗ್ಗೆ ನಗುವಂತಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ, ಬೈಂದೂರು ತಾಲೂಕಿನ ಶಿರೂರು ಟೋಲ್ ಗೇಟಿನ ಹತ್ತಿರ ಜಾರಿ ಉರುಳಿತು. ನಾಲ್ವರು ತೀರಿಕೊಂಡರು. ಸಿಬ್ಬಂದಿ ಬ್ಯಾರಿಕೇಡ್ ಸರಿಸಲು ಓಡುತ್ತಿರುವ ಆ ಸಿಸಿಟಿವಿ ದೃಶ್ಯವನ್ನು ದೇಶವೇ ನೋಡಿತು. ಜಿಲ್ಲೆಗೊಂದು ಸೂಪರ್ ಸ್ಪೆಶಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2019ರಲ್ಲೇ ಟ್ವಿಟರಿನಲ್ಲಿ ಎದ್ದಿತ್ತು. ಈ ಅಪಘಾತದ ನಂತರ ಅದು ‘ನೋ ಹಾಸ್ಪಿಟಲ್ ನೋ ವೋಟ್’ ಆಗಿ ಬೀದಿಗೆ ಇಳಿಯಿತು. ಭರವಸೆಗಳು ಬಂದವು, 2023ರ ಮೇ ತಿಂಗಳಲ್ಲಿ ಚುನಾವಣೆಯೂ ಬಂತು, ವೋಟೂ ಬಿತ್ತು.

ಮಾನ್ಯ ಹೆದ್ದಾರಿಯ ಆರೋಗ್ಯವೂ ಅಷ್ಟಕ್ಕಷ್ಟೆ. 2024ರ ಜುಲೈ 16ರಂದು ಇನ್ನೊಂದು ಶಿರೂರಿನಲ್ಲಿ, ಅಂಕೋಲಾ ತಾಲೂಕಿನದರಲ್ಲಿ, ಗುಡ್ಡ ಕುಸಿದು ಜನ ಮಣ್ಣಿನಡಿ ಸೇರಿದರು. ರಸ್ತೆ ದಿನಗಟ್ಟಲೆ ಬಂದ್ ಆಯಿತು. ಕುಮಟಾದವರಿಗೆ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿಗಿದ್ದ ನೇರ ದಾರಿ ಅದೊಂದೇ. ಆ ದಿನಗಳಲ್ಲೂ 5 ಲಕ್ಷದ ಕಾರ್ಡು ಚಾಲ್ತಿಯಲ್ಲೇ ಇತ್ತು.

ಹೊಸ ಆಸ್ಪತ್ರೆಯನ್ನು ಎಲ್ಲಿ ಕಟ್ಟಬೇಕೆಂಬುದರಲ್ಲಿ ಸಾರ್ವಜನಿಕರಿಗೆ ಒಮ್ಮತವಿದೆ: ಅವರವರ ಊರಿನಲ್ಲಿ. ಕುಮಟಾದವರು ತಮ್ಮದು ನಡುಮಧ್ಯ ಎನ್ನುತ್ತಾರೆ, ಕಾರವಾರದವರು ತಮ್ಮಲ್ಲಿ ಕಾಲೇಜಿದೆ ಎನ್ನುತ್ತಾರೆ, ಘಟ್ಟದ ಮೇಲಿನ ಶಿರಸಿಯವರು ಘಟ್ಟ ಇಳಿದು ಬಂದು ಸಾಯಬೇಕೆ ಎಂದು ಕೇಳುತ್ತಾರೆ. ಸರ್ಕಾರವೇ ಕಟ್ಟಲಿ, ಖಾಸಗಿಯವರು ಬರಲಿ, ಇಬ್ಬರೂ ಸೇರಲಿ ಎಂಬ ಮೂರು ಪಂಗಡಗಳೂ ಇವೆ. ಕಟ್ಟಡ ಎದ್ದರೂ ನರರೋಗ ತಜ್ಞ, ಹೃದ್ರೋಗ ತಜ್ಞ ಸಂಸಾರ ಸಮೇತ ಬಂದು ನೆಲೆಸಿಯಾರೇ ಎಂಬ ಪ್ರಶ್ನೆಯನ್ನು ವೈದ್ಯರೇ ಮೆಲ್ಲಗೆ ಎತ್ತುತ್ತಾರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಸರ್ಕಾರದ ಆರೋಗ್ಯ ವೆಚ್ಚ 2025ರೊಳಗೆ ದೇಶದ ಉತ್ಪನ್ನದ ಶೇ. 2.5 ಆಗಬೇಕೆಂದು ಗುರಿ ಇಟ್ಟಿತ್ತು. ಆ ಗುರಿಯೂ ಇದೇ ಹೆದ್ದಾರಿಯಲ್ಲಿ ಎಲ್ಲೋ ಬರುತ್ತಿರಬೇಕು.

ಅಲ್ಲಿಯವರೆಗೆ ಮಾನ್ಯ ಹೆದ್ದಾರಿಯಲ್ಲಿ ವಿನಂತಿ: ಆಂಬುಲೆನ್ಸಿಗೆ ಟೋಲ್ ಇಲ್ಲವೆಂಬ ನಿಯಮ ಈಗಾಗಲೇ ಇರುವುದರಿಂದ, ಆಂಬುಲೆನ್ಸ್ ಸಿಗದೆ ಬಾಡಿಗೆ ಓಮ್ನಿಯಲ್ಲಿ ಡ್ರಿಪ್ ಬಾಟಲಿ ಎತ್ತಿ ಹಿಡಿದುಕೊಂಡು ಹೋಗುವವರಿಗೂ ಅದೇ ಸೌಲಭ್ಯ ಕೊಡಬೇಕು, ಮಳೆಗಾಲಕ್ಕೆ ಮೊದಲು ಹೊಂಡ ಮುಚ್ಚಬೇಕು, ದನಗಳು ಮಲಗುವ ಕಡೆ ರಾತ್ರಿ ದೀಪ ಹಾಕಬೇಕು.

ಇಂತಿ,
ಕರಾವಳಿಯ ಮೂರು ತಾಲೂಕುಗಳ ಕಾರ್ಡುದಾರರು

ಪ್ರತಿ: ಹಟ್ಟಿಕೇರಿ, ಹೊಳೆಗದ್ದೆ ಮತ್ತು ಶಿರೂರು ಟೋಲ್ ಗೇಟುಗಳಿಗೆ, ಮಾಹಿತಿಗಾಗಿ.